ಓಡದ ಜಿಂಕೆಯ ಲೆಕ್ಕ

ಬೆಟ್ಟ ಹತ್ತಿ ಬಂದವರ ಬಾಯಲ್ಲಿ ಆಗಾಗ ಕೇಳುವ ಮಾತೊಂದಿದೆ: "ಅಷ್ಟು ಹತ್ರ ಹೋದ್ರೂ ಅದು ಓಡಲೇ ಇಲ್ಲ ನೋಡಿ. ತಲೆಯೆತ್ತಿ ಒಂದ್ಸಲ ನೋಡ್ತು, ಮತ್ತೆ ಮೇಯೋಕೆ ಶುರು ಮಾಡ್ತು." ಹೇಳುವವರ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇರುತ್ತದೆ, ಕಾಡಿನ ಪ್ರಾಣಿ ತಮ್ಮನ್ನು ಒಪ್ಪಿಕೊಂಡಿತು ಎಂಬಂತೆ. ಆ ಹೆಮ್ಮೆ ನನಗೂ ಅಪರಿಚಿತವಲ್ಲ. ಆದರೆ ಪರ್ವತಗಳ ಜಿಂಕೆಗಳ ಬಗ್ಗೆ ಓದುತ್ತಾ ಹೋದ ಹಾಗೆ, ಜಿಂಕೆಗೆ ನಮ್ಮಿಂದ ಆಗುವ ತೊಂದರೆಯನ್ನು ಅದು ಓಡಿತೋ ಇಲ್ಲವೋ ಎಂಬುದರಿಂದ ಅಳೆಯುವ ಅಭ್ಯಾಸವನ್ನೇ ಬಿಡಬೇಕು ಅನ್ನಿಸಿದೆ. ಓಡಿದ ಜಿಂಕೆಯ ನಷ್ಟ ಕಣ್ಣಿಗೆ ಕಾಣುತ್ತದೆ. ಓಡದೆ ನಿಂತದ್ದರ ನಷ್ಟ, ಅದಕ್ಕಿಂತ ಹೆಚ್ಚಾಗಿ ನಾವು ಬರುವ ಮೊದಲೇ ಜಾಗ ಖಾಲಿ ಮಾಡಿದ್ದರ ನಷ್ಟ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಅಮೆರಿಕದ ಯೂಟಾದಲ್ಲಿ ದೊಡ್ಡ ಉಪ್ಪಿನ ಸರೋವರದ ನಡುವೆ ಆ್ಯಂಟಿಲೋಪ್ ಎಂಬ ದ್ವೀಪವಿದೆ, ಉದ್ದಕ್ಕೂ ಬೆಟ್ಟಸಾಲು ಹಾದ ಜಾಗ. ಅಲ್ಲಿ ನಡೆದು ಹೋಗುವವರಿಗೂ ಸೈಕಲ್ ತುಳಿಯುವವರಿಗೂ ಪ್ರಾಣಿಗಳು ಹೇಗೆ ಸ್ಪಂದಿಸುತ್ತವೆ ಎಂದು ಆಡ್ರೆ ಟೇಲರ್ ಮತ್ತು ರಿಚರ್ಡ್ ನೈಟ್ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಕಾಲುದಾರಿ ಬಿಟ್ಟು ನಡೆಯುವವರು 100 ಮೀಟರ್ ಒಳಗೆ ಬಂದರೆ ಮ್ಯೂಲ್ ಜಿಂಕೆ (ಪಶ್ಚಿಮ ಅಮೆರಿಕದ ಉದ್ದ ಕಿವಿಯ ಜಿಂಕೆ) ಜಾಗ ಬಿಟ್ಟು ಏಳುವ ಸಾಧ್ಯತೆ ಶೇ 96. ದಾರಿಯಲ್ಲೇ ನಡೆದರೆ ಅದು ಶೇ 70ರ ಹತ್ತಿರ. ನನಗೆ ಹೆಚ್ಚು ಇಷ್ಟವಾದದ್ದು ಅದೇ ಅಧ್ಯಯನದ ಇನ್ನೊಂದು ಭಾಗ. ಅವರು ಬಂದವರನ್ನೂ ಮಾತಾಡಿಸಿದ್ದರು. ಅರ್ಧದಷ್ಟು ಜನ, ಇಂಥ ಓಡಾಟದಿಂದ ಪ್ರಾಣಿಗಳಿಗೆ ತೊಂದರೆಯೇ ಇಲ್ಲ ಎಂದರು. ತೊಂದರೆ ಇದೆ ಎಂದವರು ಸಾಮಾನ್ಯವಾಗಿ ಬೆರಳು ತೋರಿಸಿದ್ದು ಬೇರೆ ಗುಂಪಿನ ಕಡೆಗೆ. ನಡೆಯುವವರಿಗೆ ಸೈಕಲ್‌ನವರು ಕಾರಣ, ಸೈಕಲ್‌ನವರಿಗೆ ಇನ್ಯಾರೋ. ಈ ಸ್ವಭಾವಕ್ಕೆ ದೇಶಭಾಷೆಯ ಹಂಗಿಲ್ಲ.

ಜಿಂಕೆಯ ಕಡೆಯಿಂದ ನೋಡಿದರೆ ಇದರಲ್ಲಿ ಗೊಂದಲವೇನೂ ಇಲ್ಲ. 2002ರಲ್ಲಿ ಅಲೆಹಾಂಡ್ರೊ ಫ್ರಿಡ್ ಮತ್ತು ಲಾರೆನ್ಸ್ ಡಿಲ್ ಒಂದು ಸರಳವಾದ ವಾದ ಮುಂದಿಟ್ಟರು: ಮನುಷ್ಯ ಬೇಟೆಗೆ ಬಂದಿರಲಿ, ಗಾಳಿ ಕುಡಿಯಲು ಬಂದಿರಲಿ, ಪ್ರಾಣಿಯ ಮೈಮನಸ್ಸು ಅವನನ್ನು ಬೇಟೆಮೃಗದ ಲೆಕ್ಕದಲ್ಲೇ ಇಟ್ಟು ಅಳೆಯುತ್ತದೆ. ಎಷ್ಟು ದೂರದಲ್ಲಿದ್ದಾನೆ, ನೇರ ನನ್ನ ಕಡೆಗೇ ಬರುತ್ತಿದ್ದಾನಾ, ಮರೆ ಎಷ್ಟು ದೂರ, ಇಲ್ಲಿನ ಹುಲ್ಲು ಬಿಟ್ಟರೆ ಮುಂದೆ ಏನಿದೆ. ನಮ್ಮ ಉದ್ದೇಶ ಅದಕ್ಕೆ ಕಾಣುವುದಿಲ್ಲ. ಕ್ಯಾಮೆರಾ ಹಿಡಿದವನೂ ಬಂದೂಕು ಹಿಡಿದವನೂ ದೂರದಿಂದ ಒಂದೇ ಆಕಾರ, ಒಂದೇ ವಾಸನೆ.

ಇದಕ್ಕೆ ಮೊದಲೇ, 2001ರಲ್ಲಿ, ಜೆನಿಫರ್ ಗಿಲ್ ಮತ್ತು ಸಂಗಡಿಗರು ಎಚ್ಚರಿಕೆಯ ಮಾತೊಂದನ್ನು ಹೇಳಿದ್ದರು. ಓಡಿಹೋದ ಪ್ರಾಣಿಗೇ ಹೆಚ್ಚು ತೊಂದರೆಯಾಯಿತು, ಓಡದ್ದಕ್ಕೆ ಆಗಲಿಲ್ಲ ಎಂದು ತಿಳಿಯುವುದು ತಪ್ಪು. ಹೋಗಲು ಬೇರೆ ಒಳ್ಳೆಯ ಜಾಗ ಇರುವ ಪ್ರಾಣಿ ಬೇಗ ಎದ್ದು ಹೋಗುತ್ತದೆ. ಗತಿಯಿಲ್ಲದ್ದು ಅಲ್ಲೇ ನಿಲ್ಲುತ್ತದೆ. ಹಸಿದು ಸೊರಗಿದ ಜಿಂಕೆ, ಪಕ್ಕದ ಕಣಿವೆಯೆಲ್ಲ ಮನೆ ರಸ್ತೆಗಳಿಂದ ತುಂಬಿಹೋದ ಜಿಂಕೆ, ನಾವು ಹತ್ತಿರ ಬಂದರೂ ಮೇವು ಬಿಡದೇ ಇರಬಹುದು. ಹಾಗೆ ನಿಂತದ್ದನ್ನು ನಾವು ಸ್ನೇಹ ಅಂದುಕೊಳ್ಳುತ್ತೇವೆ.

ಇನ್ನು ಕಣ್ಣಿಗೇ ಬೀಳದ ಜಿಂಕೆಗಳು. ಅಮೆರಿಕದ ಆರೆಗಾನ್‌ನ ಬ್ಲೂ ಪರ್ವತಗಳಲ್ಲಿ ಸ್ಟಾರ್ಕಿ ಎಂಬ ಪ್ರಾಯೋಗಿಕ ಅರಣ್ಯವಿದೆ. ಸುಮಾರು 100 ಚದರ ಕಿ.ಮೀ. ಕಾಡಿಗೆ 1987ರಲ್ಲಿ ಎತ್ತರದ ಬೇಲಿ ಹಾಕಿ, ಒಳಗಿನ ಎಲ್ಕ್ (ಉತ್ತರ ಅಮೆರಿಕದ ದೊಡ್ಡ ಜಿಂಕೆ) ಮತ್ತು ಮ್ಯೂಲ್ ಜಿಂಕೆಗಳಿಗೆ ಇರುವ ಜಾಗ ತಿಳಿಸುವ ಕಾಲರ್ ತೊಡಿಸಿ, ವರ್ಷಗಟ್ಟಲೆ ಅವುಗಳ ಚಲನವಲನ ದಾಖಲಿಸುತ್ತಾ ಬಂದಿದ್ದಾರೆ. ಅಲ್ಲಿ ಒಂದೊಂದು ಅವಧಿಯಲ್ಲಿ ಒಂದೊಂದು ಬಗೆಯ ಜನರನ್ನು ಕಾಲುದಾರಿಗಳಲ್ಲಿ ಬಿಟ್ಟು ನೋಡಿದರು: ನಾಲ್ಕು ಚಕ್ರದ ಕಾಡುಬೈಕಿನವರು, ಸೈಕಲ್‌ನವರು, ನಡೆಯುವವರು, ಕುದುರೆ ಸವಾರರು. ಎಲ್ಕ್‌ಗಳು ಎಲ್ಲರಿಂದಲೂ ದೂರ ಸರಿದವು. ಮೋಟಾರು ಗಾಡಿಯಿಂದ ಅತಿ ಹೆಚ್ಚು ದೂರ, ಆಮೇಲೆ ಸೈಕಲ್‌ನಿಂದ. ನಡಿಗೆ ಮತ್ತು ಕುದುರೆಗೆ ಅದಕ್ಕಿಂತ ಕಡಿಮೆ. ಆದರೆ ಹಾಗೆ ಸರಿದು ನಿಂತದ್ದು ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳದಷ್ಟು ಆಚೆ. ಆ ದಾರಿಯಲ್ಲಿ ಹೋದ ಯಾರನ್ನು ಕೇಳಿದರೂ "ಇಲ್ಲಿ ಎಲ್ಕ್ ಇಲ್ಲ, ನಾವು ಯಾವುದನ್ನೂ ಎಬ್ಬಿಸಲಿಲ್ಲ" ಎಂದೇ ಪ್ರಾಮಾಣಿಕವಾಗಿ ಹೇಳಿಯಾರು. ಅದೇ ಕಾಡಿನ ಮ್ಯೂಲ್ ಜಿಂಕೆಗಳು ಇಷ್ಟೊಂದು ದೂರ ಸರಿಯಲಿಲ್ಲ. ಜಿಂಕೆ ಜಾತಿ ಅಂದಮಾತ್ರಕ್ಕೆ ಎಲ್ಲವೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ.

ಬಯಲಿನ ಕಾಡಿಗಿಂತ ಪರ್ವತದಲ್ಲಿ ಇದೆಲ್ಲ ಬಿಗಡಾಯಿಸುವುದು ಚಳಿಗಾಲದಿಂದಾಗಿ. ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲು, ಹಿಮ ಬಿದ್ದ ಮೇಲೆ ಕೆಳಗಿನ ಕಣಿವೆ, ಇದು ಪರ್ವತದ ಜಿಂಕೆಗಳ ಹಳೆಯ ಪಂಚಾಂಗ. ಯೂರೋಪಿನ ಕೆಂಪು ಜಿಂಕೆಗಳು ಒಂದು ಕಾಲಕ್ಕೆ ಆಲ್ಪ್ಸ್ ಇಳಿದು ನದೀತೀರದ ತಗ್ಗು ಕಾಡುಗಳವರೆಗೂ ಹೋಗುತ್ತಿದ್ದವು. ಈಗ ಆ ತಗ್ಗಿನಲ್ಲಿ ಊರು, ಹೊಲ, ರೈಲು, ಹೆದ್ದಾರಿ. ಜಿಂಕೆಗಳು ಅರ್ಧ ದಾರಿಯಲ್ಲೇ, ಕಡಿದಾದ ಇಳಿಜಾರಿನ ಕಾಡುಗಳಲ್ಲೇ ಚಳಿಗಾಲ ಕಳೆಯಬೇಕು. ಅಲ್ಲಿ ಮೇವು ಕಡಿಮೆ.

ಈ ಕೊರತೆಗೆ ಅವುಗಳ ಮೈ ಕಂಡುಕೊಂಡ ಉಪಾಯ ಅದ್ಭುತವಾದದ್ದು. ವಿಯೆನ್ನಾದ ವಾಲ್ಟರ್ ಆರ್ನಾಲ್ಡ್ ಮತ್ತು ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಂಪು ಜಿಂಕೆಯ ಹೃದಯಬಡಿತ ಬೇಸಿಗೆಯ ಗರಿಷ್ಠ ಮಟ್ಟಕ್ಕೆ ಹೋಲಿಸಿದರೆ ಚಳಿಗಾಲದ ಕೊನೆಗೆ ಹೆಚ್ಚುಕಡಿಮೆ ಶೇ 60ರಷ್ಟು ಇಳಿಯುತ್ತದೆ. ಕೊರೆಯುವ ರಾತ್ರಿಗಳಲ್ಲಿ ಮೈಯ ಹೊರಭಾಗ, ಕಾಲು, ಎದೆಯ ಚರ್ಮದ ಅಡಿ ತಣ್ಣಗಾಗಲು ಬಿಟ್ಟು, ಒಳಗಿನ ಕಾವನ್ನಷ್ಟೇ ಕಾಪಾಡಿಕೊಂಡು, ಅಲುಗಾಡದೆ ನಿಂತಿರುತ್ತದೆ. ಕರಡಿಯಂತೆ ಗುಹೆ ಸೇರಿ ಮಲಗುವುದಿಲ್ಲ, ನಿಂತಲ್ಲೇ ಅರ್ಧ ನಿದ್ದೆಗೆ ಜಾರಿದ ಹಾಗೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತೇವೆ. ಹಿಮದ ಜಿಂಕೆಯ ಪಾಲಿಗೆ ಈ ಗಾದೆ ತಿರುಗಿ ನಿಲ್ಲುತ್ತದೆ. ಶರತ್ಕಾಲದಲ್ಲಿ ಮೈಗೆ ಕೂಡಿಸಿಟ್ಟ ಕೊಬ್ಬೇ ಅದರ ಕುಡಿಕೆ, ಕದಲದೆ ಇದ್ದಷ್ಟು ದಿನ ಅದು ಬಾಳುತ್ತದೆ. ಎದ್ದು ಓಡಿದರೆ ಸೋರಿಹೋಗುತ್ತದೆ. ಎದೆಮಟ್ಟದ ಹಿಮದಲ್ಲಿ ಏರಿ ಓಡುವುದೆಂದರೆ ತಣ್ಣಗಿದ್ದ ಕಾಲುಗಳನ್ನು ಮೊದಲು ಬಿಸಿ ಮಾಡಬೇಕು, ನಿಧಾನವಾಗಿದ್ದ ಹೃದಯವನ್ನು ಎಬ್ಬಿಸಬೇಕು. ಹೀಗೆ ಒಂದು ಸಲ ಆದರೆ ಸಾಯುವುದಿಲ್ಲ. ಫೆಬ್ರುವರಿ ಮಾರ್ಚ್‌ನಲ್ಲಿ ವಾರದಲ್ಲಿ ಹಲವು ಸಲ ಆದರೆ, ವಸಂತದ ಮೊದಲ ಹುಲ್ಲು ಚಿಗುರುವವರೆಗೆ ಕುಡಿಕೆ ಉಳಿಯುತ್ತದೆ ಎಂಬ ಭರವಸೆ ಇಲ್ಲ.

ಹಿಮದ ಮೇಲಿನ ಗದ್ದಲ ಅಂದರೆ ಮೋಟಾರಿನ ಸದ್ದು ಎಂದು ಎಲ್ಲರೂ ಊಹಿಸುತ್ತಾರೆ. ಕೊಲರಾಡೊದಲ್ಲಿ ನಡೆದು 1986ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಊಹೆಯನ್ನು ತಲೆಕೆಳಗು ಮಾಡಿತು. ಮ್ಯೂಲ್ ಜಿಂಕೆಗಳು ಹಿಮದ ಮೇಲೆ ಓಡುವ ಮೋಟಾರು ಗಾಡಿಯಾದ ಸ್ನೋಮೊಬೈಲ್‌ಗಿಂತ ಕಾಲ್ನಡಿಗೆಯಲ್ಲಿ ಬಂದ ಮನುಷ್ಯರಿಗೇ ಹೆಚ್ಚು ಹೊತ್ತು ಕಳವಳಗೊಂಡವು, ಹೆಚ್ಚು ಸಲ ಓಡಿದವು, ಹೆಚ್ಚು ಶಕ್ತಿ ಕಳೆದುಕೊಂಡವು. ಸ್ಟಾರ್ಕಿಯಲ್ಲಿ ಬಂದ ಫಲಿತಾಂಶಕ್ಕೆ ಇದು ವಿರುದ್ಧ ಎನ್ನಿಸಬಹುದು. ಅದು ಬೇಸಿಗೆಯ ಕಾಡು, ಬೇರೆ ಜಾತಿ, ದಿನವಿಡೀ ಜಾಗ ಬದಲಿಸುವ ಲೆಕ್ಕ. ಇದು ಹಿಮ, ಎದುರಾದ ಆ ಹೊತ್ತಿನ ಲೆಕ್ಕ. ಗಾಡಿ ದೂರದಿಂದಲೇ ತನ್ನ ಬರವನ್ನು ಸಾರಿಕೊಂಡು ಬರುತ್ತದೆ, ಒಂದೇ ಹಾದಿಯಲ್ಲಿ ಬಂದು ಹೋಗುತ್ತದೆ. ನಡೆಯುವವನು ಸದ್ದಿಲ್ಲದೆ ಮರದ ಸಂದಿಯಿಂದ ಹೊರಬರುತ್ತಾನೆ, ನಿಲ್ಲುತ್ತಾನೆ, ದಿಟ್ಟಿಸುತ್ತಾನೆ, ಮತ್ತೆ ಎರಡು ಹೆಜ್ಜೆ ಮುಂದಿಡುತ್ತಾನೆ. ಬೇಟೆಮೃಗ ಮಾಡುವುದೂ ಇದನ್ನೇ. "ನಾನು ಸದ್ದು ಮಾಡದೆ ಹೋಗುತ್ತೇನೆ, ಪ್ರಾಣಿಗೆ ಗೊತ್ತೇ ಆಗುವುದಿಲ್ಲ" ಎನ್ನುವ ನಮ್ಮ ಶ್ರದ್ಧಾವಂತ ಪ್ರಕೃತಿಪ್ರೇಮಿಗಳನ್ನು ನೆನೆದು ನನಗೆ ಇಲ್ಲಿ ಸ್ವಲ್ಪ ನಗು ಬರುತ್ತದೆ.

ಎಲ್ಲಿ, ಯಾವಾಗ, ಯಾವ ದಿಕ್ಕಿನಿಂದ ಬರುತ್ತದೆ ಎಂದು ಮೊದಲೇ ಊಹಿಸಬಲ್ಲ ತೊಂದರೆಗೆ ಜಿಂಕೆ ಹೊಂದಿಕೊಳ್ಳುತ್ತದೆ. ನೂರು ಜನ ಒಂದೇ ದಾರಿಯಲ್ಲಿ ಹೋದರೆ ಆ ದಾರಿಯಿಂದ ಇಷ್ಟು ದೂರ ಬಿಟ್ಟು ಬದುಕುವುದನ್ನು ಕಲಿಯುತ್ತದೆ. ಐದು ಜನ ಐದು ದಿಕ್ಕಿನಲ್ಲಿ ಹೊಸ ಹಿಮ ಹುಡುಕಿಕೊಂಡು ಸ್ಕೀ ಮೇಲೆ ಜಾರಿದರೆ ಇಡೀ ಇಳಿಜಾರೇ ಅದರ ಪಾಲಿಗೆ ಇಲ್ಲವಾಗುತ್ತದೆ. ಜನಸಂಖ್ಯೆಗಿಂತ ಅಡ್ಡಾದಿಡ್ಡಿತನವೇ ದುಬಾರಿ. ನಾಯಿ ಜೊತೆಗಿದ್ದರೆ, ಅದರಲ್ಲೂ ಹಗ್ಗ ಬಿಚ್ಚಿದ ನಾಯಿ ದಾರಿ ಬಿಟ್ಟು ಸುತ್ತಿದರೆ, ಲೆಕ್ಕ ಇನ್ನೂ ಮೇಲೇರುತ್ತದೆ.

ಹಗಲಿನಲ್ಲಿ ಬಯಲಿಗೆ ಬರಲಾಗದ ಜಿಂಕೆ ಏನು ಮಾಡುತ್ತದೆ? ಅದು ಮೆಲುಕು ಹಾಕುವ ಪ್ರಾಣಿ. ಒಂದಿಷ್ಟು ಮೇಯಬೇಕು, ಮಲಗಿ ಮೆಲುಕಬೇಕು, ಮತ್ತೆ ಎದ್ದು ಮೇಯಬೇಕು. ಈ ಸರದಿ ಹಗಲೂ ರಾತ್ರಿ ಹಲವು ಬಾರಿ ತಿರುಗಬೇಕು. ಕತ್ತಲಾಗುವವರೆಗೆ ಪೊದೆಯಿಂದ ಹೊರಬರಲಾಗದಿದ್ದರೆ ಹೊಟ್ಟೆ ಕಾಯುವುದಿಲ್ಲ. ಅಡಗಿದ ಕಾಡಿನಲ್ಲೇ ಏನು ಸಿಕ್ಕರೆ ಅದನ್ನು ತಿನ್ನುತ್ತದೆ: ಎಳೆಯ ಸಸಿಯ ತುದಿಚಿಗುರು, ಸ್ಪ್ರೂಸ್ ಮರದ ತೊಗಟೆ. ಸಿಲ್ವರ್ ಫರ್ ಮರದ ಸಸಿಯೆಂದರೆ ಅದಕ್ಕೆ ಬಲು ಪ್ರೀತಿ. ಆಲ್ಪ್ಸ್‌ನಲ್ಲಿ ಇದು ಬರೀ ಮರದ ವ್ಯಾಪಾರಿಯ ನಷ್ಟವಾಗಿ ಉಳಿಯುವುದಿಲ್ಲ. ಸ್ವಿಟ್ಜರ್ಲೆಂಡಿನ ಕಾಡಿನಲ್ಲಿ ಸುಮಾರು ಅರ್ಧ ಭಾಗ ಹಿಮಕುಸಿತ, ಕಲ್ಲುರುಳು, ಭೂಕುಸಿತಗಳಿಂದ ಕೆಳಗಿನ ಊರುಗಳನ್ನು ಕಾಯುವ ಕಾಡು. ಹಳೆಯ ಮರಗಳ ಕೆಳಗೆ ಹೊಸ ಪೀಳಿಗೆ ಮೇಲೇಳದಿದ್ದರೆ ಕೆಲವು ದಶಕಗಳಲ್ಲಿ ಆ ತಡೆಗೋಡೆಯೇ ತೆಳುವಾಗುತ್ತದೆ. ಆಗ ಅರಣ್ಯದವರು ಜಿಂಕೆ ಹೆಚ್ಚಾಗಿದೆ, ಇನ್ನಷ್ಟು ಹೊಡೆಯಿರಿ ಎನ್ನುತ್ತಾರೆ. ಬೇಟೆ ಹೆಚ್ಚಾದರೆ ಜಿಂಕೆ ಇನ್ನಷ್ಟು ಒಳಗೆ ಸೇರುತ್ತದೆ, ಇನ್ನಷ್ಟು ಸಸಿ ತಿನ್ನುತ್ತದೆ. ಕಾಡಿನ ಹಾನಿ ಹೆಚ್ಚಾದ ಕಡೆಯೆಲ್ಲ ಜಿಂಕೆ ಸಂಖ್ಯೆಯೂ ಹೆಚ್ಚಿದೆ ಎಂದು ತಿಳಿಯಬೇಕಿಲ್ಲ. ಇದ್ದ ಜಿಂಕೆಗಳನ್ನು ಒಂದು ಮೂಲೆಗೆ ಒತ್ತಿದರೂ ಹಾನಿ ಅಷ್ಟೇ ಆಗುತ್ತದೆ.

ಕಣಿವೆ ಕಳೆದುಕೊಂಡ ಜಿಂಕೆಗೆ ಮೇವು ಹಾಕಿ ಸಾಕುವ ದಾರಿಯೂ ಇದೆ. ಅಮೆರಿಕದ ಜಾಕ್ಸನ್ ಹೋಲ್ ಕಣಿವೆಯಲ್ಲಿ ಊರು ಮತ್ತು ರಾಂಚುಗಳು ಎಲ್ಕ್‌ಗಳ ಚಳಿಗಾಲದ ನೆಲೆಯನ್ನು ನುಂಗಿದ ಮೇಲೆ 1912ರಲ್ಲಿ ರಾಷ್ಟ್ರೀಯ ಎಲ್ಕ್ ಆಶ್ರಯಧಾಮ ಹುಟ್ಟಿತು. ಆಸ್ಟ್ರಿಯಾ ಮತ್ತು ಬವೇರಿಯಾದ ಪರ್ವತಗಳಲ್ಲಿ ಚಳಿಗಾಲದ ಮೇವುತಾಣಗಳಿವೆ, ಕೆಲವು ಕಡೆ ಬೇಲಿಯೊಳಗೆ ಇಡೀ ಹಿಂಡನ್ನು ವಸಂತದವರೆಗೆ ಇರಿಸಿಕೊಳ್ಳುತ್ತಾರೆ. ಹಸಿವು ನೀಗುತ್ತದೆ, ತೊಗಟೆ ಉಳಿಯುತ್ತದೆ. ಆದರೆ ಚದುರಿರಬೇಕಾದ ಪ್ರಾಣಿಗಳು ಒಂದೇ ಗೋದಲಿಗೆ ಮುಸುಡಿ ಇಡುವಂತಾದರೆ ರೋಗ ಹಬ್ಬುತ್ತದೆ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಮೇವುತಾಣಗಳ ಎಲ್ಕ್‌ಗಳಲ್ಲಿ ಗರ್ಭಪಾತ ತರುವ ಬ್ರುಸೆಲ್ಲೋಸಿಸ್, ಆಸ್ಟ್ರಿಯಾದ ಟಿರೋಲ್ ಮತ್ತು ಫೋರಾರ್ಲ್‌ಬರ್ಗ್ ಕೆಂಪು ಜಿಂಕೆಗಳಲ್ಲಿ ಕ್ಷಯ. ಅದರ ಮೇಲೆ ಒಬ್ಬ ಸ್ಕೀ ಸವಾರ ದಾರಿ ತಪ್ಪಿ ಮೇವುತಾಣದ ಮೇಲೆ ಇಳಿದುಬಂದರೆ, ಅಷ್ಟೂ ಜಿಂಕೆಗಳು ಒಮ್ಮೆಲೇ ಪಕ್ಕದ ಕಾಡಿಗೆ ನುಗ್ಗಿ, ಹಸಿದ ಹೊಟ್ಟೆಯಲ್ಲಿ ಅಲ್ಲಿನ ತೊಗಟೆಯನ್ನೇ ಸುಲಿಯುತ್ತವೆ.

ಚಳಿಗಾಲದ ನಂತರದ ನಾಜೂಕಿನ ಕಾಲ ಮರಿ ಹಾಕುವ ಸಮಯ. ಕೊಲರಾಡೊದಲ್ಲಿ ಫಿಲಿಪ್ಸ್ ಮತ್ತು ಆಲ್ಡ್ರೆಜ್ ಎಂಬ ಇಬ್ಬರು ಸಂಶೋಧಕರು ಕಠಿಣವೆನ್ನಿಸುವ ಪ್ರಯೋಗ ಮಾಡಿದರು. ಕಾಲರ್ ತೊಡಿಸಿದ ಹೆಣ್ಣು ಎಲ್ಕ್‌ಗಳ ಒಂದು ಗುಂಪನ್ನು ಮರಿ ಹಾಕುವ ದಿನಗಳಲ್ಲಿ ಚಾರಣಿಗರಂತೆ ನಡೆದುಹೋಗಿ ಮತ್ತೆ ಮತ್ತೆ ಎಬ್ಬಿಸಿದರು, ಇನ್ನೊಂದು ಗುಂಪನ್ನು ಅದರ ಪಾಡಿಗೆ ಬಿಟ್ಟರು. ಎಬ್ಬಿಸಿದ ಗುಂಪಿನಲ್ಲಿ ತಾಯಿಗೆ ಇಷ್ಟು ಮರಿ ಎಂಬ ಪ್ರಮಾಣ ಕುಸಿಯಿತು. ಅವರ ಗಣಿತ ಮಾದರಿಯ ಪ್ರಕಾರ, ಒಂದೊಂದು ತಾಯಿಯನ್ನೂ ಆ ಋತುವಿನಲ್ಲಿ ಸರಾಸರಿ ಹತ್ತು ಸಲ ಹೆಚ್ಚುವರಿಯಾಗಿ ಎಬ್ಬಿಸಿದರೆ ಸಾಕು, ಹಿಂಡು ಬೆಳೆಯುವುದೇ ನಿಲ್ಲುತ್ತದೆ. ಇದು 2000ದಲ್ಲಿ ಪ್ರಕಟವಾಯಿತು. 2005ರಲ್ಲಿ ಬಂದ ಮುಂದಿನ ವರದಿ ಸಮಾಧಾನ ಕೊಡುವಂಥದ್ದು: ಎಬ್ಬಿಸುವುದನ್ನು ನಿಲ್ಲಿಸಿದ ಮೇಲೆ ಮರಿಗಳ ಪ್ರಮಾಣ ಮತ್ತೆ ಏರಿತ್ತು. ಯಾರೂ ಯಾವ ಎಲ್ಕ್‌ನ್ನೂ ಮುಟ್ಟಿರಲಿಲ್ಲ ಎಂಬುದನ್ನು ಮರೆಯಬಾರದು. ನಡೆದುಹೋಗಿದ್ದರು, ಅಷ್ಟೆ. ಮೇ, ಜೂನ್ ತಿಂಗಳಿನಲ್ಲಿ ಕೆಲವು ಇಳಿಜಾರುಗಳ ಕಾಲುದಾರಿಗೆ ಬೀಗ ಹಾಕುವ ನಿಯಮ ಕಂಡು ಗೊಣಗುವವರಿಗೆ ನಾನು ಹೇಳುವ ಕಥೆ ಇದೊಂದೇ.

ಬೇಟೆಯ ವಿಷಯಕ್ಕೆ ಬಂದರೆ ಜಿಂಕೆಗಳ ಜಾಣತನ ದಂಗುಬಡಿಸುತ್ತದೆ. ಸ್ವಿಟ್ಜರ್ಲೆಂಡಿನ ಎಂಗಡೀನ್ ಕಣಿವೆಯಲ್ಲಿ 1914ರಲ್ಲಿ ಸ್ಥಾಪನೆಯಾದ ಸ್ವಿಸ್ ರಾಷ್ಟ್ರೀಯ ಉದ್ಯಾನವಿದೆ, ಸುಮಾರು 170 ಚದರ ಕಿ.ಮೀ. ಅಲ್ಲಿ ಬೇಟೆಯಿಲ್ಲ, ನಾಯಿ ತರುವಂತಿಲ್ಲ, ಗುರುತಿಸಿದ ದಾರಿ ಬಿಟ್ಟು ಹೆಜ್ಜೆ ಇಡುವಂತಿಲ್ಲ. ಹತ್ತೊಂಬತ್ತನೇ ಶತಮಾನದ ನಡುವಿಗೆ ದೇಶದಿಂದಲೇ ಅಳಿದುಹೋಗಿದ್ದ ಕೆಂಪು ಜಿಂಕೆ ಪೂರ್ವದ ಗಡಿ ದಾಟಿ ಮರಳಿ ಬಂದು, ಈಗ ಬೇಸಿಗೆಯಲ್ಲಿ ಸಾವಿರಕ್ಕೂ ಮೀರಿ ಈ ಉದ್ಯಾನದಲ್ಲಿ ಸೇರುತ್ತದೆ. ಜನ ಹಗಲಿನಲ್ಲೇ ಬಯಲಿನಲ್ಲಿ ಮೇಯುವ ಹಿಂಡುಗಳನ್ನು ನೋಡುತ್ತಾರೆ. ಸೆಪ್ಟೆಂಬರಿನಲ್ಲಿ ಸುತ್ತಲಿನ ಗ್ರಾವ್‌ಬುಂಡೆನ್ ಪ್ರಾಂತ್ಯದಲ್ಲಿ ಮೂರು ವಾರಗಳ ಬೇಟೆ ನಡೆಯುವಾಗ ಅವು ಗಡಿಯೊಳಗೇ ಇರುತ್ತವೆ. ಹಿಮ ಬಿದ್ದ ಮೇಲೆ ಇಳಿಯುತ್ತವೆ, ಆಗ ಬೇಟೆಗಾರರು ಮನೆ ಸೇರಿರುತ್ತಾರೆ. ಹೀಗಾದರೆ ಚಳಿಗಾಲದ ಹಿಂಡು ಕಣಿವೆ ಹೊರಲಾರದಷ್ಟು ದೊಡ್ಡದಾಗುತ್ತದೆಂದು, ಪ್ರಾಂತ್ಯದವರು ನವೆಂಬರ್, ಡಿಸೆಂಬರಿನಲ್ಲಿ ವಿಶೇಷ ಬೇಟೆಯನ್ನು ಶುರುಮಾಡಿದರು. ಮುಖ್ಯವಾಗಿ ಹೆಣ್ಣು ಮತ್ತು ಮರಿಗಳಿಗಾಗಿ. ತಾಯಿ ಮತ್ತು ಮರಿಯನ್ನು ಹಿಮದಲ್ಲಿ ಹೊಡೆಯುವುದು ಅಲ್ಲಿನ ಬೇಟೆಗಾರರಲ್ಲೇ ಹಲವರಿಗೆ ಹಿಡಿಸಿಲ್ಲ, ಆ ಜಗಳ ಹಳೆಯದು. ಜೊತೆಗೆ ಇನ್ನೊಂದು ಕೆಲಸ ಮಾಡಿದರು, ಅದು ನನಗೆ ಹೆಚ್ಚು ಬುದ್ಧಿವಂತಿಕೆಯದಾಗಿ ಕಾಣುತ್ತದೆ: ಉದ್ಯಾನದ ಹೊರಗೂ ಅಲ್ಲಲ್ಲಿ ಬೇಟೆ ನಿಷೇಧಿಸಿದ ಚಿಕ್ಕಚಿಕ್ಕ ಆಸರೆಗಳನ್ನು ಬಿಟ್ಟರು. ಸುರಕ್ಷಿತ ಜಾಗ ಒಂದೇ ಇದ್ದರೆ ಎಲ್ಲವೂ ಅಲ್ಲೇ ಗುಂಪುಗೂಡುತ್ತವೆ. ಹಲವು ಇದ್ದರೆ ಹರಡಿಕೊಳ್ಳುತ್ತವೆ.

ಗಂಡು ಕೆಂಪು ಜಿಂಕೆಗಳು ಬೇಟೆ ಶುರುವಾದ ಕೂಡಲೇ ಜಾಗ ಬದಲಿಸುವುದನ್ನು, ಬದಲಿಸಿದವೇ ಬದುಕಿ ಉಳಿದದ್ದನ್ನು ನಾರ್ವೆಯಲ್ಲಿ ದಾಖಲಿಸಿದ್ದಾರೆ. ಕೆನಡಾದ ಆಲ್ಬರ್ಟಾದ ಎಲ್ಕ್‌ಗಳ ಕಥೆ ಇನ್ನೂ ಮುಂದೆ ಹೋಗುತ್ತದೆ. ಹೆಚ್ಚು ಅಲೆಯುವ, ಬಯಲಿಗೆ ಹೆಚ್ಚು ಬರುವ ಧೈರ್ಯಶಾಲಿಗಳು ಗುಂಡಿಗೆ ಬಿದ್ದವು. ಉಳಿದ ಹೆಣ್ಣುಗಳು ವಯಸ್ಸಾದಂತೆ ಕಲಿತವು: ಓಡಾಟ ಕಡಿಮೆ ಮಾಡಿದವು, ಕಾಡು ಮತ್ತು ಕಡಿದಾದ ಜಾಗ ಹಿಡಿದವು. ಒಂಬತ್ತು-ಹತ್ತು ವರ್ಷ ದಾಟಿದ ಅಜ್ಜಿಯರನ್ನು ಹೊಡೆಯುವುದು ಹೆಚ್ಚುಕಡಿಮೆ ಅಸಾಧ್ಯವಾಯಿತು. ಅಂದರೆ ಬಂದೂಕು ಸಂಖ್ಯೆಯನ್ನಷ್ಟೇ ಇಳಿಸುವುದಿಲ್ಲ, ಯಾವ ಸ್ವಭಾವದವು ಮುಂದಿನ ಪೀಳಿಗೆಯನ್ನು ಹೆರುತ್ತವೆ ಎಂಬುದನ್ನೂ ನಿರ್ಧರಿಸುತ್ತಿರುತ್ತದೆ. ಅದೇ ಪ್ರದೇಶದಲ್ಲಿ, ಎರಡು ಗಂಟೆಗೆ ಒಂದಕ್ಕಿಂತ ಹೆಚ್ಚು ವಾಹನ ಹೋಗುವ ರಸ್ತೆಯಿದ್ದರೂ ಸಾಕು, ಎಲ್ಕ್‌ಗಳು ಮೇಯುವುದನ್ನು ಬಿಟ್ಟು ತಲೆಯೆತ್ತಿ ಕಾಯುವ ಹೊತ್ತು ಹೆಚ್ಚುತ್ತಿತ್ತು. ತೋಳ, ಕರಡಿ, ಪೂಮಾ ಇರುವ ನಾಡು ಅದು. ಆದರೂ ಅವುಗಳ ನಡವಳಿಕೆಯನ್ನು ಹೆಚ್ಚು ಬದಲಿಸಿದ್ದು ಮನುಷ್ಯ.

ಇಷ್ಟೆಲ್ಲ ಹೇಳಿದ ಮೇಲೆ ಇದಕ್ಕೆ ಪೂರ್ತಿ ವಿರುದ್ಧವಾದದ್ದನ್ನೂ ಹೇಳಬೇಕು. ಕೆಲವು ಕಡೆ ಜಿಂಕೆಗಳು ನಮ್ಮ ಹತ್ತಿರಕ್ಕೇ ಬರುತ್ತವೆ. ಯೆಲ್ಲೊಸ್ಟೋನ್ ಸುತ್ತಲಿನ ಪ್ರದೇಶದಲ್ಲಿ ಕಂದು ಕರಡಿ ಹೆಚ್ಚಿದಂತೆ ಜಿಂಕೆ ಕುಲದಲ್ಲೇ ಅತಿ ದೊಡ್ಡವಾದ ಗರ್ಭಿಣಿ ಮೂಸ್‌ಗಳು ಮರಿ ಹಾಕುವ ಜಾಗವನ್ನು ಡಾಂಬರು ರಸ್ತೆಯ ಹತ್ತಿರಕ್ಕೆ ತಂದುಕೊಂಡದ್ದನ್ನು ಜೋಯೆಲ್ ಬರ್ಜರ್ 2007ರಲ್ಲಿ ಬರೆದರು. ಕರಡಿಗೆ ರಸ್ತೆ ಕಂಡರೆ ಭಯ, ಮೂಸ್‌ಗೆ ಕರಡಿಯ ಭಯ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಇದೇ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1980ರ ದಶಕದ ನಡುವಿನಲ್ಲಿ ತೋಳಗಳು ತಾವಾಗಿಯೇ ಬೋ ಕಣಿವೆಗೆ ಮರಳಿದವು, ಆದರೆ ಜನಜಂಗುಳಿಯ ಬ್ಯಾನ್ಫ್ ಪಟ್ಟಣದ ಸುತ್ತ ಸುಳಿಯಲಿಲ್ಲ. ಎಲ್ಕ್‌ಗಳಿಗೆ ಇದು ಗೊತ್ತಾಯಿತು. ಕೊನೆಗೆ ತೋಳ ಕಡಿಮೆಯಿದ್ದ ಪಟ್ಟಣದ ಕಡೆ ಎಲ್ಕ್ ಸಾಂದ್ರತೆ ತೋಳವಿದ್ದ ಕಡೆಗಿಂತ ಸುಮಾರು ಹತ್ತು ಪಟ್ಟು ಆಯಿತು. ಅವು ಮೇಯ್ದು ಮೇಯ್ದು ವಿಲ್ಲೊ, ಆಸ್ಪೆನ್ ಗಿಡಗಳು ಮೇಲೇಳಲಿಲ್ಲ, ಆ ಗಿಡಗಳನ್ನು ನಂಬಿದ, ಹೊಳೆಗೆ ಒಡ್ಡು ಕಟ್ಟುವ ಬೀವರ್‌ಗಳು ಕಡಿಮೆಯಾದವು. ಮರಿ ಇರುವ ತಾಯಿ ಎಲ್ಕ್‌ಗಳೂ ಬೆದೆಗೆ ಬಂದ ಗಂಡುಗಳೂ ಜನರ ಮೇಲೆ ಎರಗತೊಡಗಿದವು. ಉದ್ಯಾನದವರು ಹಲವನ್ನು ಹಿಡಿದು ದೂರ ಸಾಗಿಸಿದರು. ಇನ್ನು ಕೆಲವನ್ನು ಸಂಶೋಧಕರು ಮನುಷ್ಯರಿಂದ, ಬಾರ್ಡರ್ ಕೋಲಿ ನಾಯಿಗಳಿಂದ ಅಟ್ಟಿಸಿ, ಕಳೆದುಹೋದ ಭಯವನ್ನು ಮತ್ತೆ ಕಲಿಸಿದರು. ಒಂದು ಪರ್ವತದಲ್ಲಿ ದಯವಿಟ್ಟು ಹೆದರಿಸಬೇಡಿ ಎಂಬ ಫಲಕ, ಇನ್ನೊಂದರಲ್ಲಿ ಸಂಬಳ ಕೊಟ್ಟು ಹೆದರಿಸುವ ಕೆಲಸ. ಎರಡೂ ಸರಿಯೇ.

ಭಯವೂ ಒಂದು ಸಾಧನ ಎಂದು ಒಪ್ಪಿಕೊಂಡ ಮೇಲೆ ಅದನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ ಬರುತ್ತದೆ. 2013ರಲ್ಲಿ ಯೋರಿಸ್ ಕ್ರೋಮ್‌ಸಿಗ್ಟ್ ಮತ್ತು ಸಂಗಡಿಗರು ಬೇಟೆಯನ್ನು ಕೊಲ್ಲುವುದಕ್ಕಿಂತ ಹೆದರಿಸುವುದಕ್ಕಾಗಿ ಬಳಸುವ ಬಗೆಯನ್ನು ಚರ್ಚಿಸಿದರು. ಹೊಸದಾಗಿ ಸಸಿ ಏಳಬೇಕಾದ ಜಾಗದಲ್ಲಿ ಒತ್ತಡ ಹೆಚ್ಚಿಸಿ, ಬೇರೆ ಕಡೆ ಹಗಲಿನಲ್ಲೂ ಮೇಯಲು ಬಿಡಿ ಎಂಬ ದಾರಿ. ಆಲ್ಪ್ಸ್‌ನ ಬೇಟೆ ನಿರ್ವಾಹಕರು ಹೇಳುವ ಮಧ್ಯಂತರ ಬೇಟೆಯ ತಿರುಳೂ ಇದಕ್ಕೆ ಹತ್ತಿರದ್ದು: ತಿಂಗಳುಗಟ್ಟಲೆ ದಿನವೂ ಒಬ್ಬೊಬ್ಬರು ಹೋಗಿ ಕಾದು ಕೂರುವ ಬದಲು, ಕೆಲವೇ ದಿನ ಜೋರಾಗಿ ಬೇಟೆಯಾಡಿ ಆಮೇಲೆ ವಾರಗಟ್ಟಲೆ ಕಾಡಿನ ತಂಟೆಗೆ ಹೋಗದಿರುವುದು. ಬೇಟೆಯ ಬಗ್ಗೆ ನನಗೆ ಒಲವಿಲ್ಲ. ಆದರೂ ತೋಳವಿಲ್ಲದ ಪರ್ವತದಲ್ಲಿ ಸಂಖ್ಯೆ ಇಳಿಸಲೇಬೇಕೆಂದಾದರೆ, ವರ್ಷವಿಡೀ ಹನಿಹನಿಯಾಗಿ ಹೆದರಿಸುವುದಕ್ಕಿಂತ ಇದು ಜಿಂಕೆಗೂ ಕಾಡಿಗೂ ಮೇಲು.

ಮಾನವನ ಗದ್ದಲ ಜಾಗವನ್ನು ಮಾತ್ರ ಕಸಿಯುವುದಿಲ್ಲ, ಹೊತ್ತನ್ನೂ ಕಸಿಯುತ್ತದೆ. ಆರು ಖಂಡಗಳ 62 ಸಸ್ತನಿ ಜಾತಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮನುಷ್ಯರ ಒತ್ತಡವಿದ್ದಲ್ಲಿ ಪ್ರಾಣಿಗಳ ರಾತ್ರಿ ಚಟುವಟಿಕೆ ಸರಾಸರಿ 1.36 ಪಟ್ಟು ಹೆಚ್ಚಿತ್ತು. ಹಗಲು ರಾತ್ರಿಯನ್ನು ಸಮಪಾಲು ಬಳಸುತ್ತಿದ್ದ ಪ್ರಾಣಿ ಶೇ 68ರಷ್ಟು ರಾತ್ರಿಗೇ ವಾಲುತ್ತದೆ ಎಂದರ್ಥ. ಹಗಲಿನಲ್ಲಿ ಕಂಡದ್ದನ್ನು ಎಣಿಸಿ ಜಿಂಕೆ ಕಡಿಮೆಯಾಗಿದೆ ಎಂದು ವರದಿ ಬರೆಯುವವರು ಇದನ್ನು ಗಮನಿಸಬೇಕು.

ಹೋಗಲು ಬೇರೆ ಜಾಗವೇ ಇಲ್ಲದವುಗಳ ಪಾಡು ನೋಡಬೇಕೆಂದರೆ ನಾರ್ವೆಯ ಕಾಡು ಹಿಮಸಾರಂಗಗಳನ್ನು ನೋಡಬೇಕು. ಡೋವ್ರೆ ಪ್ರಸ್ಥಭೂಮಿಯ ಮೇಲೆ ಹಳೆಯ ಕಾಲದ ಬೇಟೆಗುಂಡಿಗಳ ಸಾಲುಗಳು ಈಗಲೂ ಕಾಣುತ್ತವೆ. ಹಿಂಡುಗಳು ಯಾವ ಹಾದಿಯಲ್ಲಿ ಹೋಗುತ್ತಿದ್ದವು ಎಂಬುದಕ್ಕೆ ಅವೇ ಸಾಕ್ಷಿ. ಆ ಹಾದಿಗೆ ಅಡ್ಡವಾಗಿ 1921ರಲ್ಲಿ ಡೋವ್ರೆ ರೈಲುಮಾರ್ಗ ತೆರೆಯಿತು, ಹೆದ್ದಾರಿ ಬೆಳೆಯಿತು, ವಿಹಾರದ ಕುಟೀರಗಳು ಎದ್ದವು. ರೈಲುಹಳಿ ದಾಟಲಾರದಷ್ಟು ಎತ್ತರದ ಗೋಡೆಯೇನೂ ಅಲ್ಲ. ಆದರೂ ಹಿಂಡುಗಳು ದಾಟುವುದನ್ನು ಬಿಟ್ಟವು. ಇಂದು ಅಲ್ಲಿನ ಕಾಡು ಹಿಮಸಾರಂಗ 24 ಬೇರೆಬೇರೆ ನೆಲೆಗಳಾಗಿ ತುಂಡಾಗಿದೆ, 2021ರಲ್ಲಿ ಅಳಿವಿನ ಆತಂಕವಿರುವ ಜೀವಿಗಳನ್ನು ಗುರುತಿಸುವ ದೇಶದ ಕೆಂಪು ಪಟ್ಟಿಗೂ ಸೇರಿತು. ಕಾಶ್ಮೀರದ ದಾಚಿಗಾಂ ರಾಷ್ಟ್ರೀಯ ಉದ್ಯಾನದಲ್ಲಿ ಕಾಶ್ಮೀರಿ ಜಿಂಕೆ ಹಂಗುಲ್‌ನ ಕಥೆಯೂ ಇದೇ ಜಾಡಿನದು. 141 ಚದರ ಕಿ.ಮೀ. ಉದ್ಯಾನದ ಮೇಲ್ಭಾಗದ ಹುಲ್ಲುಗಾವಲು ಅವುಗಳ ಬೇಸಿಗೆಯ ಮನೆ. ಅದೇ ಬೇಸಿಗೆಯಲ್ಲಿ ಕುರಿಮಂದೆಗಳೂ ಅವುಗಳ ಕಾವಲು ನಾಯಿಗಳೂ ಅಲ್ಲಿಗೇ ಏರುತ್ತವೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸಾವಿರಗಳಲ್ಲಿದ್ದ ಹಂಗುಲ್ ಈಗ ಕೆಲವು ನೂರಕ್ಕೆ ಇಳಿದಿದೆ. ಬೇಟೆ, ಕಾಡಿನ ನಾಶ ಎಲ್ಲ ಸೇರಿ ಆದ ನಷ್ಟ ಅದು. ಮೇಲಿನ ಹುಲ್ಲುಗಾವಲು ಕೈಬಿಟ್ಟದ್ದು ಅದರಲ್ಲಿ ಒಂದು.

ಒಮ್ಮೆ ಕಲಿತ ಹೆದರಿಕೆ ಎಷ್ಟು ಕಾಲ ಉಳಿಯುತ್ತದೆ? ಜೆಕ್ ದೇಶದ ಶುಮಾವಾ ಬೆಟ್ಟಗಳಲ್ಲಿ, ಬವೇರಿಯಾದ ಗಡಿಗುಂಟ, ಶೀತಲ ಸಮರದ ಕಾಲದ ವಿದ್ಯುತ್ ಬೇಲಿಗಳಿದ್ದವು. 1989ರ ನಂತರ ಅವನ್ನು ಕಿತ್ತರು. ಕಾಲು ಶತಮಾನ ಕಳೆದ ಮೇಲೂ ಅಲ್ಲಿನ ಕೆಂಪು ಜಿಂಕೆಗಳಲ್ಲಿ ಬಹುಪಾಲು ಆ ಗೆರೆಯ ಹತ್ತಿರ ಬಂದು ತಿರುಗಿಹೋಗುತ್ತಿದ್ದವು ಎಂದು 2014ರಲ್ಲಿ ಸಂಶೋಧಕರು ತಿಳಿಸಿದರು. ಅಷ್ಟು ಹೊತ್ತಿಗೆ ಬೇಲಿಯನ್ನು ಕಣ್ಣಾರೆ ಕಂಡಿದ್ದ ಜಿಂಕೆ ಒಂದೂ ಬದುಕಿರಲಿಕ್ಕಿಲ್ಲ. ಮರಿ ತಾಯಿಯ ಹಿಂದೆ ನಡೆಯುತ್ತದೆ, ತಾಯಿ ತಿರುಗಿದಲ್ಲಿ ತಿರುಗುತ್ತದೆ, ನಾಳೆ ತನ್ನ ಮರಿಯನ್ನೂ ಅಲ್ಲೇ ತಿರುಗಿಸುತ್ತದೆ. ಒಂದು ದಾರಿಯನ್ನು ಮುಚ್ಚಿದರೆ, ಒಂದು ಇಳಿಜಾರನ್ನು ಖಾಲಿ ಬಿಟ್ಟರೆ ಮರುವರ್ಷವೇ ಜಿಂಕೆ ಬಂದೀತು ಎಂದು ಕಾಯುವ ಅಧಿಕಾರಿಗಳಿಗೆ ಇದು ಕಹಿ ಸುದ್ದಿ. ಕೊಲರಾಡೊದ ಎಲ್ಕ್ ತಾಯಂದಿರು ಬೇಗ ಚೇತರಿಸಿಕೊಂಡದ್ದು ನಿಜ, ಆದರೆ ಅವು ತಮ್ಮ ನೆಲೆ ಬಿಟ್ಟು ಹೋಗಿರಲಿಲ್ಲ.

ಆದ್ದರಿಂದ ನನಗೆ ಹೆಚ್ಚು ಭರವಸೆ ಇರುವುದು ಜನ ಎಲ್ಲಿ ನಡೆಯಬೇಕು ಎಂಬುದನ್ನು ವಿನ್ಯಾಸ ಮಾಡುವ ಕೆಲಸದ ಮೇಲೆ. ಸ್ವಿಟ್ಜರ್ಲೆಂಡಿನಲ್ಲಿ ಚಳಿಗಾಲದಿಂದ ವಸಂತದವರೆಗೆ ಗುರುತಿಸಿದ ದಾರಿ ಬಿಟ್ಟು ಪ್ರವೇಶವಿಲ್ಲದ ವನ್ಯಜೀವಿ ವಿಶ್ರಾಂತಿ ವಲಯಗಳಿವೆ, ಸ್ಕೀ ನಕ್ಷೆಗಳಲ್ಲೇ ಅವುಗಳ ಗಡಿ ಅಚ್ಚಾಗಿರುತ್ತದೆ. ಎಲ್ಲ ಕಡೆ ನಿಷೇಧ ಹೇರಿ ಕಾಯಲಾಗದೆ ಕೈಚೆಲ್ಲುವುದಕ್ಕಿಂತ, ಒಂದು ಕಡೆ ಒಳ್ಳೆಯ ದಾರಿ ಮಾಡಿ, ನೋಡಲು ಚೆಂದದ ಜಾಗ ಕೊಟ್ಟು, ಉಳಿದ ಇಳಿಜಾರನ್ನು ಸುಮ್ಮನೆ ಬಿಡುವುದು ಮೇಲು. ನಾರ್ವೆಯ ಡೋವ್ರೆ ಸೀಮೆಯ ಹ್ಯೆರ್‌ಕಿನ್‌ನಲ್ಲಿ ಮಾಡಿದ್ದು ಬಹುಮಟ್ಟಿಗೆ ಇದನ್ನೇ. 1923ರಿಂದ ಸೇನೆಯ ಗುಂಡು ಹಾರಿಸುವ ಅಭ್ಯಾಸ ಕ್ಷೇತ್ರವಾಗಿದ್ದ ಆ ಪ್ರಸ್ಥಭೂಮಿಯಿಂದ ಸಿಡಿಮದ್ದು ಹೆಕ್ಕಿ, ಕಟ್ಟಡ ಕೆಡವಿ, ರಸ್ತೆಗಳನ್ನು ಅಗೆದು ತೆಗೆದು ಮತ್ತೆ ಹುಲ್ಲು ಕಲ್ಲುಹೂವಿಗೆ ಬಿಟ್ಟರು. 2020ರ ಹೊತ್ತಿಗೆ ಕೆಲಸ ಮುಗಿಯಿತು. ಸ್ನೊಹೆಟ್ಟಾ ಶಿಖರ ಕಾಣುವಂತೆ ಗಾಜಿನ ಗೋಡೆಯ ವೀಕ್ಷಣಾ ಮನೆ 2011ರಲ್ಲೇ ತೆರೆದಿತ್ತು. ಶಿಖರದ ಬುಡದ ಕುಟೀರಕ್ಕೆ ಹೋಗುವ ಒಂದು ರಸ್ತೆಯನ್ನು ಮಾತ್ರ ಉಳಿಸಿಕೊಂಡರು. ಅದರಲ್ಲಿ ಸ್ವಂತ ಕಾರು ಬಿಡುವುದಿಲ್ಲ, ಹೊತ್ತಿಗೆ ಸರಿಯಾಗಿ ಹೊರಡುವ ಬಸ್ಸು ಇದೆ. ಆ ಒಂದು ರಸ್ತೆಯೂ ಬೇಡವಿತ್ತು ಎನ್ನುವವರಿಗೂ ಚಾರಣಿಗರಿಗೂ ಅಲ್ಲಿ ಇನ್ನೂ ವಾದ ನಡೆಯುತ್ತಲೇ ಇದೆ.